ಪ್ರಾಗ್‌ನ ಕಿಟಕಿ ಮುಂದೆ ಕೂತ ಸುಡೆಕ್

ಕಿಟಕಿ ಕಟ್ಟೆಯ ಮೇಲೆ ಒಂದು ಗಾಜಿನ ಲೋಟ. ಲೋಟದಲ್ಲಿ ನೀರು, ನೀರಲ್ಲಿ ಗುಲಾಬಿ. ಹಿಂದೆ ಕಿಟಕಿಯ ಗಾಜೆಲ್ಲ ಹನಿಗಟ್ಟಿದೆ, ಅದರಾಚೆ ಏನಿದೆಯೋ ಎಲ್ಲ ಮಸುಕು. ಚಿತ್ರದಲ್ಲಿ ಇರೋದು ಇಷ್ಟೇ. ಬಣ್ಣ ಇಲ್ಲ, ಮನುಷ್ಯರಿಲ್ಲ. ತೆಗೆದದ್ದು 1956ರಲ್ಲಿ. ಈ ಫೋಟೋವನ್ನು ನಮ್ಮ ಸಂಘದ ಗ್ರೂಪಿಗೆ ಹಾಕಿದಾಗ ಒಬ್ಬ ಬ್ರೈಟ್‌ನೆಸ್ ಸ್ವಲ್ಪ ಏರಿಸ್ಬೇಕಿತ್ತು ಅಂದ. ಇನ್ನೊಬ್ಬ, ಇದಕ್ಕಿಂತ ನಮ್ಮ ಹಾಸ್ಟೆಲ್ ಕಿಟಕಿನೇ ವಾಸಿ ಅಂದ. ಎರಡನೆಯದು ತಮಾಷೆಗೆ ಹೇಳಿದ್ದು. ಆದ್ರೆ ಯೋಚಿಸಿದರೆ ಅದು ಸುಳ್ಳೂ ಅಲ್ಲ. ಇದನ್ನು ತೆಗೆದವನು ಕೂತಿದ್ದ ಕಿಟಕಿ ಅರಮನೆಯದಲ್ಲ; ಒಂದು ಮನೆಯ ಹಿಂದಿನ ಅಂಗಳದಲ್ಲಿದ್ದ ಮರದ ಷೆಡ್ಡಿನದು. ಅದೇ ಕಿಟಕಿಯನ್ನು ಅವನು 1940ರಿಂದ 1954ರವರೆಗೆ, ಹದಿನಾಲ್ಕು ವರ್ಷ, ಮತ್ತೆ ಮತ್ತೆ ತೆಗೆದ. ಆಮೇಲೂ ಪೂರ್ತಿ ಬಿಟ್ಟನೆಂದಲ್ಲ.

ಅವನ ಹೆಸರು ಯೋಸೆಫ್ ಸುಡೆಕ್. ಏಕವಚನದಲ್ಲೇ ಬರೀತಿದ್ದೀವಿ. ಗೌರವ ಕಡಿಮೆಯಾಗಿ ಅಲ್ಲ, ಒಂದು ಸೆಮಿಸ್ಟರ್ ಪೂರ್ತಿ ಅವನ ಚಿತ್ರಗಳ ಜೊತೆ ಕಳೆದ ಮೇಲೆ ಬಹುವಚನ ಬಾಯಿಗೆ ಬರೋದಿಲ್ಲ.

ಹುಟ್ಟಿದ್ದು 1896ರ ಮಾರ್ಚ್ 17ರಂದು, ಬೊಹೀಮಿಯಾದ ಕೊಲೀನ್ ಎಂಬ ಊರಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗ, ಈಗ ಚೆಕ್ ಗಣರಾಜ್ಯದಲ್ಲಿದೆ. ಅಪ್ಪ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು. ಹುಡುಗನಿಗೆ ಮೂರು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ, ಅವನು, ಅವನಿಗಿಂತ ಒಂದು ವರ್ಷಕ್ಕೆ ಚಿಕ್ಕವಳಾದ ತಂಗಿ ಬೊಜೆನಾ, ಮನೆಯಲ್ಲಿ ಉಳಿದವರು ಇಷ್ಟು ಜನ. ತಂಗಿಯ ಹೆಸರು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಅವಳು ಮತ್ತೆ ಮತ್ತೆ ಬರ್ತಾಳೆ. ಹುಡುಗನನ್ನು ಪ್ರಾಗ್‌ಗೆ ಕಳಿಸಿ ಪುಸ್ತಕ ಬೈಂಡಿಂಗ್ ಕೆಲಸಕ್ಕೆ ಹಾಕಿದರು. ಬೈಂಡಿಂಗ್ ಅಂದ್ರೆ ಎರಡೂ ಕೈಯ ಕೆಲಸ: ಹಾಳೆ ಮಡಚಬೇಕು, ಹೊಲಿಯಬೇಕು, ಗೋಂದು ಹಚ್ಚಿ ಒತ್ತಿ ಹಿಡೀಬೇಕು. ಅದನ್ನು ಕಲಿತ. ಅದೇ ಸಮಯದಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬನಿಂದ ಕ್ಯಾಮೆರಾದ ಗೀಳೂ ಅಂಟಿಕೊಂಡಿತು.

1915ರಲ್ಲಿ ಸೈನ್ಯಕ್ಕೆ ಎಳೆದುಕೊಂಡರು. ಮೊದಲ ಮಹಾಯುದ್ಧ, ಇಟಲಿಯ ಗಡಿ. ಕ್ಯಾಮೆರಾ ಅಲ್ಲಿಗೂ ಹೋಯಿತು. ಕಂದಕಗಳಲ್ಲಿನ ಸೈನಿಕರನ್ನು, ಸುತ್ತಲಿನ ನೆಲವನ್ನು ತೆಗೆದು ಪುಟ್ಟ ಆಲ್ಬಂ ಮಾಡಿಕೊಂಡ. 1917ರಲ್ಲಿ ಫಿರಂಗಿ ಗುಂಡಿನ ಚೂರೊಂದು ಬಲ ಭುಜಕ್ಕೆ ಬಡಿಯಿತು. ಶತ್ರುವಿನದಲ್ಲ, ತಮ್ಮದೇ ಕಡೆಯ ಫಿರಂಗಿ. ಗಾಯ ಕೊಳೆತು, ಕೊನೆಗೆ ಬಲಗೈಯನ್ನು ಭುಜದವರೆಗೂ ಕತ್ತರಿಸಿ ತೆಗೆದರು. ಅವನಿಗಾಗ 21 ವರ್ಷ. ಅಂದ್ರೆ ನಮ್ಮ ಫೈನಲ್ ಇಯರ್ ವಯಸ್ಸು.

ಬೈಂಡಿಂಗ್ ಮುಗಿಯಿತು. ಮೂರು ವರ್ಷ ಒಂದಾದ ಮೇಲೊಂದು ಆಸ್ಪತ್ರೆ. ಆಮೇಲೆ ಪ್ರಾಗ್‌ನ ಕಾರ್ಲೀನ್ ಬಡಾವಣೆಯಲ್ಲಿದ್ದ, ಯುದ್ಧದಲ್ಲಿ ಅಂಗ ಕಳೆದುಕೊಂಡವರ ದೊಡ್ಡ ಆಶ್ರಯಮನೆ. ಅಲ್ಲಿ ತನ್ನಂಥವರನ್ನೇ ಫೋಟೋ ತೆಗೆದ. ಹಾಸಿಗೆ ಮೇಲೆ ಕೂತವರು, ಹೊಗೆ ತುಂಬಿದ ಕೋಣೆ, ಕಿಟಕಿಯಿಂದ ಒಳಗೆ ಬೀಳುವ ಬೆಳಕು. ಮುಂದಿನ ಐವತ್ತು ವರ್ಷ ಅವನು ಬೆನ್ನು ಹತ್ತಿದ ಬೆಳಕು ಅದೇ ಅಂತ ನಮಗನ್ನಿಸುತ್ತೆ. ಅಂಗವಿಕಲ ಸೈನಿಕರಿಗೆ ಸರ್ಕಾರ ಸಣ್ಣದೊಂದು ಪಿಂಚಣಿ ಕೊಡ್ತಿತ್ತು, ಜೀವನಕ್ಕೆ ಒಂದು ಸಣ್ಣ ನೌಕರಿಯೂ ಸಿಗಬಹುದಿತ್ತು. ಅವನು ಪಿಂಚಣಿ ಇಟ್ಟುಕೊಂಡ, ನೌಕರಿ ಬೇಡ ಅಂದ. 1922ರಲ್ಲಿ ಪ್ರಾಗ್‌ನ ಸರ್ಕಾರಿ ಗ್ರಾಫಿಕ್ ಕಲೆಗಳ ಶಾಲೆಯಲ್ಲಿ ಫೋಟೋಗ್ರಫಿ ಕಲಿಯಲು ಸೇರಿದ. ಮೇಷ್ಟ್ರು ಕಾರೆಲ್ ನೋವಾಕ್.

ಒಂದು ಕೈ ಇರುವವನು ಫೋಟೋಗ್ರಾಫರ್ ಆಗೋದು ಈಗ ದೊಡ್ಡ ವಿಷಯ ಅನ್ನಿಸದಿರಬಹುದು, ಫೋನನ್ನು ಒಂದೇ ಕೈಯಲ್ಲಿ ಹಿಡಿದು ತೆಗೀತೀವಲ್ಲ. ಆಗಿನ ಕ್ಯಾಮೆರಾ ಹಾಗಲ್ಲ. ಮರದ ದೊಡ್ಡ ಪೆಟ್ಟಿಗೆ, ಅದಕ್ಕೊಂದು ಟ್ರೈಪಾಡ್, ತಲೆ ಮೇಲೆ ಹೊದೆಯೋಕೆ ಕಪ್ಪು ಬಟ್ಟೆ, ಪ್ರತಿ ಚಿತ್ರಕ್ಕೂ ಬೇರೆ ಬೇರೆ ಹೋಲ್ಡರ್. ಕತ್ತಲಲ್ಲಿ ಫಿಲ್ಮ್ ತುಂಬಬೇಕು. ಸುಡೆಕ್ ಅದನ್ನೆಲ್ಲ ಎಡ ಹೆಗಲ ಮೇಲೆ ಹೊತ್ತುಕೊಂಡು ಊರು ಸುತ್ತುತ್ತಿದ್ದ. ಕ್ಯಾಮೆರಾವನ್ನು ತೊಡೆ ಮೇಲೆ ಇಟ್ಟುಕೊಂಡು ಎಡಗೈಯಿಂದ ಜೋಡಿಸುತ್ತಿದ್ದ, ಕೈ ಸಾಲದ ಕಡೆ ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದ. ಇಲ್ಲೊಂದು ಮಾತು. ಇದನ್ನು ಮೋಟಿವೇಶನಲ್ ರೀಲ್ ಮಾಡೋದು ಬಹಳ ಸುಲಭ. ನಾವು ಮಾಡೋದಿಲ್ಲ. ಅವನು ಯಾರಿಗೂ ಸ್ಫೂರ್ತಿ ಕೊಡಲು ಹೊರಟವನಲ್ಲ, ಸಿಡುಕನೂ ಹೌದು, ನಗಿಸುವವನೂ ಹೌದು, ಹಳೇ ಕೋಟು ಹಾಕಿಕೊಂಡು ತನ್ನ ಪಾಡಿಗೆ ಕೆಲಸ ಮಾಡಿದವನು.

ಶಾಲೆಯ ದಿನಗಳಲ್ಲೇ ಜಗಳಗಳೂ ಶುರುವಾದವು. ಆ ಕಾಲದ ಹವ್ಯಾಸಿ ಫೋಟೋ ಕ್ಲಬ್‌ಗಳಲ್ಲಿ ಚಿತ್ರವನ್ನು ಪೇಂಟಿಂಗ್ ಥರ ಕಾಣುವ ಹಾಗೆ ಕೈಯಾಡಿಸಿ ಮಂಜುಮಂಜಾಗಿ ಮಾಡುವುದೇ ಕಲೆ ಅನ್ನಿಸಿಕೊಂಡಿತ್ತು. ಸುಡೆಕ್ ಮತ್ತವನ ಗೆಳೆಯ ಯಾರೊಮೀರ್ ಫುಂಕೆ ನೆಗೆಟಿವ್‌ನಲ್ಲಿ ಇರೋದೇ ಚಿತ್ರ ಅಂತ ವಾದ ಹೂಡಿ ಕ್ಲಬ್ಬಿನಿಂದ ಹೊರಬಿದ್ದರು. 1924ರಲ್ಲಿ ಅಡಾಲ್ಫ್ ಶ್ನೇಬರ್ಗರ್ ಕೂಡ ಸೇರಿ ಮೂವರೂ ಚೆಕ್ ಫೋಟೋಗ್ರಫಿ ಸಂಘ ಕಟ್ಟಿದರು. ಕಾಲೇಜು ಕ್ಲಬ್ ರಾಜಕೀಯ ನೋಡಿದವರಿಗೆ ಇದರಲ್ಲಿ ಹೊಸದೇನಿಲ್ಲ.

ಅದೇ ವರ್ಷ ಅವನಿಗೆ ಮೊದಲ ದೊಡ್ಡ ವಿಷಯ ಸಿಕ್ಕಿತು. ಪ್ರಾಗ್‌ನ ಕೋಟೆಯೊಳಗೆ ಸಂತ ವೀಟ್ ಕ್ಯಾಥೆಡ್ರಲ್ ಇದೆ. 1344ರಲ್ಲಿ ಶುರುವಾದ ಕಟ್ಟಡ, ಮುಗಿದದ್ದು 1929ರಲ್ಲಿ. ಸಿವಿಲ್‌ನವರೇ, ಪ್ರಾಜೆಕ್ಟ್ ಡಿಲೇ ಅಂದ್ರೆ ಇದು. ಸುಡೆಕ್ 1924ರಿಂದ 1928ರವರೆಗೆ ಅಲ್ಲಿ ಓಡಾಡಿದ. ಸುಂದರವಾದ ಕಮಾನು, ಗೋಪುರ ತೆಗೆಯಬಹುದಿತ್ತು. ಅವನು ತೆಗೆದದ್ದು ಕಟ್ಟಡದ ಕೆಲಸವನ್ನ. ನೆಲದ ಮೇಲೆ ಬಿದ್ದ ಹಗ್ಗ, ತಳ್ಳುಗಾಡಿ, ಕಲ್ಲಿನ ರಾಶಿ, ಸಾರವೆಯ ಮರ, ಅವುಗಳ ಮೇಲೆ ಎತ್ತರದ ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು. ಆರುನೂರು ವರ್ಷದ ಕಟ್ಟಡದೊಳಗೆ ಒಂದು ಸಲಿಕೆಗೂ ಕಂಬಕ್ಕೂ ಸಮನಾದ ಮರ್ಯಾದೆ. 1928ರಲ್ಲಿ, ಗಣರಾಜ್ಯಕ್ಕೆ ಹತ್ತು ವರ್ಷ ತುಂಬಿದಾಗ, ಇದರಲ್ಲಿ 15 ಚಿತ್ರಗಳ ಸಂಪುಟ ಹೊರಬಂತು. ಹೆಸರೂ ಬಂತು.

ಇದರ ನಡುವೆ 1926ರಲ್ಲಿ ನಡೆದ ಒಂದು ಘಟನೆ ಇದೆ. ಚೆಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದಲ್ಲಿ ಅವನಿಗೆ ಗೆಳೆಯರಿದ್ದರು. ಅವರು ಕಛೇರಿ ಕೊಡಲು ಇಟಲಿಗೆ ಹೊರಟಾಗ ಇವನೂ ಜೊತೆಗೆ ಹೋದ. ಒಂದು ರಾತ್ರಿ ಕಛೇರಿ ನಡೆಯುತ್ತಿದ್ದ ಹಾಗೇ ಎದ್ದು ಹೊರಟುಬಿಟ್ಟ. ಕತ್ತಲಲ್ಲಿ ಊರಾಚೆಗೆ ನಡೆದು, ಬೆಳಗಾಗುವಷ್ಟರಲ್ಲಿ ತಾನು ಹುಡುಕುತ್ತಿದ್ದ ಜಾಗ ಕಂಡುಕೊಂಡ. ಕೈಗೆ ಪೆಟ್ಟು ಬಿದ್ದ ಮೇಲೆ ಅವನನ್ನು ಹೊತ್ತು ತಂದು ಮಲಗಿಸಿದ್ದ ತೋಟದ ಮನೆ ಇನ್ನೂ ಅಲ್ಲೇ ಇತ್ತು. ಕೈ ಮಾತ್ರ ಇರಲಿಲ್ಲ. ಹಾಗೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ, ಕೈ ಅಲ್ಲೇ ಎಲ್ಲೋ ಇರಬಹುದು ಅಂತ ಹುಡುಕಿದವನ ಹಾಗೆ. ವಾಪಸ್ ಪ್ರಾಗ್ ತಲುಪಿದ್ದು ಎರಡು ತಿಂಗಳ ಮೇಲೆ. ಅಷ್ಟೊತ್ತಿಗೆ ಗೆಳೆಯರು ಪೊಲೀಸರಿಂದಲೂ ಹುಡುಕಿಸಿ ಆಗಿತ್ತು. ಆ ಎರಡು ತಿಂಗಳು ಎಲ್ಲಿದ್ದ, ಏನು ಮಾಡಿದ ಅನ್ನೋದನ್ನು ವಿವರವಾಗಿ ಯಾರಿಗೂ ಹೇಳಲಿಲ್ಲ. ಬಂದ ಮೇಲೆ ಮತ್ತೆಂದೂ ದೂರದ ಪ್ರಯಾಣಕ್ಕೆ ಹೋಗಲಿಲ್ಲ. ಇನ್ನು ಹುಡುಕೋದಿದ್ದರೆ ಇಲ್ಲೇ, ಹತ್ತಿರದಲ್ಲೇ ಅಂತ ತೀರ್ಮಾನ ಮಾಡಿಕೊಂಡವನಂತೆ.

ಮುಂದಿನ ವರ್ಷ, 1927ರಲ್ಲಿ, ಪ್ರಾಗ್‌ನ ಮಾಲಾ ಸ್ತ್ರಾನಾ ಬಡಾವಣೆಯ ಊಯೆಜ್ದ್ ಬೀದಿಯಲ್ಲಿ ಒಂದು ಮನೆಯ ಹಿಂದಿನ ಅಂಗಳದಲ್ಲಿದ್ದ ಮರದ ಸ್ಟುಡಿಯೋ ಹಿಡಿದ. ಇದೇ ಆ ಷೆಡ್ಡು. ತಂಗಿ ಬೊಜೆನಾ ಜೊತೆಗಿದ್ದಳು. ಅವಳೂ ಫೋಟೋಗ್ರಫಿ ಕಲಿತವಳೇ. ಸ್ಟುಡಿಯೋ ಕೆಲಸದಲ್ಲಿ, ಡಾರ್ಕ್‌ರೂಮಿನಲ್ಲಿ, ಮನೆ ನಡೆಸೋದರಲ್ಲಿ ಅವಳ ಕೈ ಇತ್ತು. ಸುಡೆಕ್‌ಗೆ ಒಂದೇ ಕೈ ಅಂತ ಎಲ್ಲ ಪುಸ್ತಕಗಳೂ ಬರೆಯುತ್ತವೆ. ನಮ್ಮ ಲೆಕ್ಕದಲ್ಲಿ ಮೂರು ಇದ್ದವು, ಎರಡು ಬೊಜೆನಾಳವು. ಪ್ರಿಂಟಿನ ಕೆಳಗೆ ಹೆಸರು ಮಾತ್ರ ಒಂದೇ.

ಹೊಟ್ಟೆಪಾಡಿಗೆ ಜಾಹೀರಾತು ಫೋಟೋ, ಭಾವಚಿತ್ರ ಎಲ್ಲ ಮಾಡಿದ. ದ್ರುಜ್ಸ್ತೆವ್ನಿ ಪ್ರಾಟ್ಸೆ ಎಂಬ ಸಹಕಾರಿ ಪ್ರಕಾಶನ ಸಂಸ್ಥೆ ಪುಸ್ತಕದ ಜೊತೆಗೆ ಮನೆಬಳಕೆಯ ಸಾಮಾನುಗಳನ್ನೂ ಮಾರುತ್ತಿತ್ತು. ಲಾಡಿಸ್ಲಾವ್ ಸುಟ್ನಾರ್ ವಿನ್ಯಾಸ ಮಾಡಿದ ಗಾಜಿನ ಲೋಟ, ಪಿಂಗಾಣಿ ಕಪ್ಪುಗಳನ್ನು ಸುಡೆಕ್ ಫೋಟೋ ತೆಗೆದ. ಗಾಜನ್ನು ತೆಗೆಯೋದು ಕಷ್ಟ, ಟ್ರೈ ಮಾಡಿ ನೋಡಿ. ಅದಕ್ಕೆ ತನ್ನದೇ ಬಣ್ಣ ಇಲ್ಲ. ಸುತ್ತ ಏನಿದೆಯೋ ಅದನ್ನು ಬಗ್ಗಿಸಿ ತೋರಿಸುತ್ತೆ. ನೀರು ತುಂಬಿದ ಲೋಟವಂತೂ ಒಂದು ಲೆನ್ಸೇ. ಹಿಂದಿನ ಕಿಟಕಿ ಅದರೊಳಗೆ ಎಡಬಲ ಅದಲುಬದಲಾಗಿ ಕೂತಿರುತ್ತೆ. ಹಾಗಾಗಿ ಲೋಟದ ಫೋಟೋ ತೆಗೆಯೋದು ಅಂದ್ರೆ ಲೋಟದ ಅಂಚಿನಲ್ಲಿ ಬೆಳಕು ಎಲ್ಲಿ ತಿರುಗುತ್ತೆ ಅನ್ನೋದನ್ನು ತೆಗೆಯೋದು. ಹತ್ತು ವರ್ಷ ಗಿರಾಕಿಗಳಿಗಾಗಿ ಮಾಡಿದ ಈ ಕೆಲಸವೇ ಮುಂದೆ ಅವನ ಸ್ವಂತ ಕೆಲಸದ ತಯಾರಿಯಾಯಿತು. ಅದು ಅವನಿಗೆ ಆಗ ಗೊತ್ತಿತ್ತು ಅಂತ ನಮಗನ್ನಿಸೋದಿಲ್ಲ.

1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ಬಂತು. ಮುಂದಿನ ಆರು ವರ್ಷ ನಾಜಿಗಳ ಆಡಳಿತ. ಸುಡೆಕ್‌ನ ಆಪ್ತ ಗೆಳೆಯ, ಚಿತ್ರಕಾರ ಎಮಿಲ್ ಫಿಲ್ಲಾನನ್ನು ಯುದ್ಧ ಶುರುವಾದ ದಿನಗಳಲ್ಲೇ ಹಿಡಿದು ಬೂಖೆನ್‌ವಾಲ್ಡ್ ಶಿಬಿರಕ್ಕೆ ಹಾಕಿದರು. ಯುದ್ಧ ಮುಗಿಯುವವರೆಗೆ ಅವನು ಅಲ್ಲೇ. ಇಂಥ ಊರಲ್ಲಿ ಟ್ರೈಪಾಡ್ ಹೊತ್ತು ಬೀದಿ ಬೀದಿ ತಿರುಗಿ, ಸೇತುವೆ, ಕಟ್ಟಡ ಅಂತ ಫೋಟೋ ತೆಗೀತಾ ನಿಂತರೆ ಅನುಮಾನಕ್ಕೆ ಗುರಿಯಾಗೋದು ಗ್ಯಾರಂಟಿ. ಸುಡೆಕ್ ಒಳಗೆ ಬಂದ. ಬಾಗಿಲು ಹಾಕಿಕೊಂಡ. ಉಳಿದದ್ದು ಕಿಟಕಿ.

ಸರಿಯಾಗಿ ಅದೇ ಸಮಯಕ್ಕೆ, 1940ರಲ್ಲಿ, ಅವನ ಕಣ್ಣಿಗೆ ಒಂದು ಹಳೇ ಪ್ರಿಂಟ್ ಬಿತ್ತು. ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲಿನ ಒಂದು ಶಿಲ್ಪದ ಫೋಟೋ, ಸುಮಾರು 30×40 ಸೆಂಟಿಮೀಟರ್ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್. ಅದನ್ನು ನೋಡಿದ ಮೇಲೆ ಎನ್‌ಲಾರ್ಜರ್ ಮುಟ್ಟೋದನ್ನೇ ನಿಲ್ಲಿಸಿಬಿಟ್ಟ. ಇನ್ನು ಮುಂದೆ ಬರೀ ಕಾಂಟ್ಯಾಕ್ಟ್ ಪ್ರಿಂಟ್.

ಇಲ್ಲಿ ಸ್ವಲ್ಪ ನಿಲ್ಲೋಣ, ಇದು ನಮ್ಮಂಥವರಿಗೆ ಇಷ್ಟವಾಗೋ ಜಾಗ. ಸಾಮಾನ್ಯ 35 ಎಂಎಂ ಫಿಲ್ಮಿನ ನೆಗೆಟಿವ್ 24×36 ಮಿಲಿಮೀಟರ್. ಅದನ್ನು 30 ಸೆಂಟಿಮೀಟರ್ ಅಗಲದ ಪ್ರಿಂಟ್ ಮಾಡಬೇಕಾದರೆ ಎಂಟು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬೇಕು. ಬೆಳ್ಳಿಯ ಕಣಗಳೂ, ಲೆನ್ಸಿನ ದೋಷಗಳೂ ಅಷ್ಟೇ ಪಟ್ಟು ಹಿಗ್ಗುತ್ತವೆ. ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ಹಿಗ್ಗಿಸೋ ಮಾತೇ ಇಲ್ಲ. ನೆಗೆಟಿವನ್ನು ಪೇಪರಿನ ಮೇಲೆ ಒತ್ತಿಟ್ಟು ಬೆಳಕು ಬಿಡೋದು, ಡೆವಲಪರಿನಲ್ಲಿ ಅದ್ದೋದು, ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್‌ಗೆ ಬಳಸಿದ ಅದೇ ಹೈಪೋದಲ್ಲಿ ಫಿಕ್ಸ್ ಮಾಡೋದು. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟ್ ಅಷ್ಟೇ ದೊಡ್ಡದು. ಅಂದ್ರೆ ದೊಡ್ಡ ಚಿತ್ರ ಬೇಕಿದ್ದರೆ ದೊಡ್ಡ ನೆಗೆಟಿವ್ ಬೇಕು, ದೊಡ್ಡ ನೆಗೆಟಿವ್‌ಗೆ ದೊಡ್ಡ ಕ್ಯಾಮೆರಾ ಬೇಕು. ಒಂದೇ ಕೈಯವನು ಆರಿಸಿಕೊಂಡ ದಾರಿ ಎಂಥದು ನೋಡಿ! ಆಗ ಜಗತ್ತೆಲ್ಲ ಜೇಬಿನಲ್ಲಿ ಹಿಡಿಸುವ ಲೈಕಾ ಕಡೆಗೆ ಓಡ್ತಿತ್ತು. ಇವನು ಉಲ್ಟಾ ನಡೆದ.

ದೊಡ್ಡ ಕ್ಯಾಮೆರಾದ ತೊಂದರೆ ಭಾರ ಒಂದೇ ಅಲ್ಲ. ನೆಗೆಟಿವ್ ದೊಡ್ಡದಾದಷ್ಟೂ ಲೆನ್ಸಿನ ಫೋಕಲ್ ಲೆಂತ್ ಹೆಚ್ಚು, ಫೋಕಸ್‌ನಲ್ಲಿ ನಿಲ್ಲುವ ಆಳ ಕಡಿಮೆ. ಲೋಟವೂ ಹಿಂದಿನ ಗಾಜೂ ಎರಡೂ ಸ್ಪಷ್ಟವಾಗಿ ಬರಬೇಕಾದರೆ ಅಪರ್ಚರ್ ಕಿರಿದು ಮಾಡ್ಬೇಕು. ಎಫ್/8ರಿಂದ ಎಫ್/64ಕ್ಕೆ ಇಳಿಸಿದರೆ ಒಳಗೆ ಬರುವ ಬೆಳಕು 64ನೇ ಒಂದು ಭಾಗ. ಒಂದು ಸೆಕೆಂಡಿನ ಕೆಲಸಕ್ಕೆ ಒಂದು ನಿಮಿಷ. ಪ್ರಾಗ್‌ನ ಚಳಿಗಾಲದ ಮಬ್ಬು ಬೆಳಕಲ್ಲಿ, ಷೆಡ್ಡಿನೊಳಗೆ, ಇನ್ನೂ ಹೆಚ್ಚು. ಸಾಲದ್ದಕ್ಕೆ ಫಿಲ್ಮ್ ಒಂದು ಮೋಸವನ್ನೂ ಮಾಡುತ್ತೆ. ಬೆಳಕು ಅರ್ಧವಾದರೆ ಸಮಯ ಎರಡು ಪಟ್ಟು ಅನ್ನೋ ನಮ್ಮ ಲೆಕ್ಕ ಒಂದು ಹಂತದವರೆಗೆ ಮಾತ್ರ ನಡೆಯುತ್ತೆ. ಸಿಲ್ವರ್ ಹ್ಯಾಲೈಡ್ ಹರಳಿನ ಮೇಲೆ ಚಿತ್ರ ನಿಲ್ಲಬೇಕಾದರೆ ಕೆಲವು ಬೆಳ್ಳಿ ಪರಮಾಣುಗಳು ಒಂದೇ ಕಡೆ ಕೂಡಬೇಕು. ಫೋಟಾನುಗಳು ಬಹಳ ತಡವಾಗಿ, ಒಂದೊಂದಾಗಿ ಬಂದರೆ, ಎರಡನೆಯದು ಬರೋ ಮುಂಚೆ ಮೊದಲನೆಯದರ ಕೆಲಸ ಅಳಿಸಿಹೋಗಿರುತ್ತೆ. ಹಾಗಾಗಿ ಲೆಕ್ಕಕ್ಕಿಂತಲೂ ಎಷ್ಟೋ ಹೆಚ್ಚು ಹೊತ್ತು ತೆರೆದಿಡಬೇಕು. ಇದನ್ನು ಅಳೆದು ಸೂತ್ರ ಬರೆದವನು ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್. ಹೌದು, ಕಪ್ಪುಕುಳಿಯ ತ್ರಿಜ್ಯದ ಶ್ವಾರ್ಟ್ಸ್‌ಶಿಲ್ಡೇ! ನಕ್ಷತ್ರಗಳ ಫೋಟೋ ತೆಗೆಯಲು ಹೋಗಿ ಅವನಿಗೆ ಇದು ಸಿಕ್ಕಿತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಸುಡೆಕ್‌ನ ಒಂದು ಚಿತ್ರದೊಳಗೆ ಸಮಯ ಇದೆ. ಕ್ಲಿಕ್ ಅಂತ ಹಿಡಿದದ್ದಲ್ಲ. ಕಿಟಕಿ ಗಾಜಿನ ಮೇಲೆ ಉಸಿರಿನ ತೇವ ಹನಿಗಟ್ಟೋದು, ಹನಿ ಜಾರಿ ಗೀರು ಬೀಳೋದು, ಚಳಿಗೆ ಹಿಮ ಎಲೆಯ ಆಕಾರದಲ್ಲಿ ಹರಡೋದು, ಎಲ್ಲ ಅದರಲ್ಲಿದೆ. ಹೊರಗೆ ಅಂಗಳದಲ್ಲಿ ಸೊಟ್ಟಗೆ ತಿರುಚಿಕೊಂಡ ಒಂದು ಮರ ಇತ್ತು. ಕಿಟಕಿ ಸರಣಿಯಲ್ಲಿ ಆ ಮರ ಒಂದು ಪಾತ್ರವೇ ಆಗಿಬಿಟ್ಟಿದೆ. ವಸಂತದಲ್ಲಿ ಹೂ, ಮಳೆಯಲ್ಲಿ ಕರಿ ರೇಖೆ, ಹಿಮ ಬಿದ್ದ ರಾತ್ರಿ ಬೆಳ್ಳಗೆ. ಕೆಲವದರಲ್ಲಿ ಗಾಜು ಪೂರ್ತಿ ಮುಚ್ಚಿಹೋಗಿ ಮರ ಇದೆ ಅನ್ನೋದು ನಮಗೆ ಮೊದಲೇ ಗೊತ್ತಿರೋದರಿಂದ ಮಾತ್ರ ಕಾಣುತ್ತೆ. ಯುದ್ಧದ ಬಗ್ಗೆ ಒಂದೇ ಒಂದು ಗುರುತೂ ಈ ಚಿತ್ರಗಳಲ್ಲಿ ಇಲ್ಲ. ಆದರೆ ಹೊರಗೆ ಹೋಗಲಾಗದವನು ತೆಗೆದದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಕೋವಿಡ್ ಹೊತ್ತಲ್ಲಿ ಮನೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೈಟ್‌ನೆಸ್ ಏರಿಸಿ ಅಂದ ಗೆಳೆಯನಿಗೂ ಇಲ್ಲೇ ಉತ್ತರ ಇದೆ. ಕಾಂಟ್ಯಾಕ್ಟ್ ಪ್ರಿಂಟನ್ನು ಬಹಳ ಜನ ಇಷ್ಟಪಡೋದು ಚೂಪಾದ ವಿವರಕ್ಕಾಗಿ. ಸುಡೆಕ್‌ಗೆ ಬೇಕಿದ್ದದ್ದು ಬೂದು ಬಣ್ಣದ ಮೆಟ್ಟಿಲುಗಳು. ಅವನ ಎಷ್ಟೋ ಪ್ರಿಂಟುಗಳಲ್ಲಿ ಅಚ್ಚ ಬಿಳಿ ಇಲ್ಲವೇ ಇಲ್ಲ, ಎಲ್ಲ ಸಂಜೆ ಏಳರ ಬೆಳಕು. ಹಿಸ್ಟೋಗ್ರಾಂ ತೆಗೆದು ನೋಡಿದರೆ ಎಲ್ಲ ಎಡಗಡೆಗೇ ಒತ್ತಿಕೊಂಡಿರುತ್ತೆ, ಯಾವ ಫೋಟೋಗ್ರಫಿ ಟ್ಯುಟೋರಿಯಲ್ ಪ್ರಕಾರವೂ ತಪ್ಪೇ. ಫೋನಿನ ಪರದೆಯಲ್ಲಿ ನೋಡಿದಾಗ ಏನೂ ಅನ್ನಿಸದಿದ್ದರೆ ಅದು ನೋಡುವವರ ತಪ್ಪಲ್ಲ. ಕೋಣೆಯ ಲೈಟ್ ಆರಿಸಿ, ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ಹಾಕಿ, ಎರಡು ನಿಮಿಷ ಸುಮ್ಮನೆ ಕೂತರೆ ಕತ್ತಲೊಳಗಿನಿಂದ ಒಂದೊಂದೇ ವಸ್ತು ಎದ್ದು ಬರುತ್ತೆ. ನಾವು ಹಾಗೇ ನೋಡಿದ್ದು.

ಕಿಟಕಿ ಕಟ್ಟೆಯ ಮೇಲೆ ಏನೇನು ಇಡ್ತಿದ್ದ? ತಟ್ಟೆಯಲ್ಲಿ ಒಂದು ಮೊಟ್ಟೆ. ಬ್ರೆಡ್ಡಿನ ತುಂಡು. ಈರುಳ್ಳಿ, ಸೇಬು. ಅರ್ಧ ನೀರಿನ ಲೋಟ, ಮಡಚಿದ ಕಾಗದ, ಗೆಳೆಯರು ಕೊಟ್ಟ ಕಪ್ಪೆಚಿಪ್ಪು, ಹಕ್ಕಿಗರಿ. ಬಹುತೇಕ ಎಲ್ಲ ಆಮೇಲೆ ತಿನ್ನುವ ಪದಾರ್ಥವೇ. ಷೆಡ್ಡಿನೊಳಗೆ ಇನ್ನೊಂದು ಪ್ರಪಂಚ ಇತ್ತು. ಅವನು ಏನನ್ನೂ ಬಿಸಾಡ್ತಿರಲಿಲ್ಲ. ಪೇಪರು, ಡಬ್ಬಿ, ದಾರ, ಹಳೇ ಚೌಕಟ್ಟು, ರೆಕಾರ್ಡುಗಳು ಮೇಲಿಂದ ಮೇಲೆ ಪೇರಿಸಿ, ಕೊನೆಗೆ ಓಡಾಡೋಕೆ ಒಂದು ಸಣ್ಣ ಹಾದಿ ಬಿಟ್ಟರೆ ಜಾಗವೇ ಇರಲಿಲ್ಲ. ಹಾಸ್ಟೆಲ್ ರೂಮ್ ಇನ್‌ಸ್ಪೆಕ್ಷನ್ ಇದ್ದಿದ್ದರೆ ಅವನು ಫೇಲ್. ಮುಂದೆ ಅದೇ ಗೊಂದಲವನ್ನು ಚಕ್ರವ್ಯೂಹ ಅನ್ನುವ ಅರ್ಥದ ಹೆಸರಿಟ್ಟು ಫೋಟೋ ಸರಣಿ ಮಾಡಿದ. ಬೈಂಡಿಂಗ್ ಕಲಿತದ್ದೂ ವ್ಯರ್ಥವಾಗಲಿಲ್ಲ. ಕೆಲವು ಪ್ರಿಂಟುಗಳನ್ನು ಎರಡು ಗಾಜಿನ ನಡುವೆ ಇಟ್ಟು, ಅಂಚಿಗೆ ಸೀಸದ ಪಟ್ಟಿ ಕಟ್ಟಿ, ಅವನ್ನೇ ಒಂದೊಂದು ವಸ್ತುವನ್ನಾಗಿ ಮಾಡ್ತಿದ್ದ.

ಯುದ್ಧ ಮುಗಿದ ಮೇಲೆ ಒಬ್ಬ ಯುವತಿ ಸಹಾಯಕಿಯಾಗಿ ಬಂದಳು. ಸೋನ್ಯಾ ಬುಲ್ಲಾಟಿ. ಪ್ರಾಗ್‌ನ ಯಹೂದಿ ಹುಡುಗಿ, ನಾಜಿ ಶಿಬಿರಗಳಿಂದ ಬದುಕಿ ಬಂದವಳು, ಮನೆಯವರು ಯಾರೂ ಉಳಿದಿರಲಿಲ್ಲ. ಒಂದು ಕೈ ಹೋದವನು, ಎಲ್ಲರನ್ನೂ ಕಳೆದುಕೊಂಡವಳು, ಇಬ್ಬರೂ ಟ್ರೈಪಾಡ್ ಹೊತ್ತು ಪ್ರಾಗ್ ಸುತ್ತಿದರು. ಕ್ಯಾಥೆಡ್ರಲಿನ ಕೆಳಗಿನ ಕತ್ತಲ ಕೋಣೆಯೊಂದರಲ್ಲಿ ಕ್ಯಾಮೆರಾ ಇಟ್ಟು ನೆಲದ ಮೇಲೆ ಕೂತು ಮಾತಾಡ್ತಾ ಇದ್ದಾಗ, ಸಣ್ಣ ಕಿಟಕಿಯಿಂದ ಒಂದು ಬಿಸಿಲು ಕೋಲು ಒಳಗೆ ಬಂತಂತೆ. ಸುಡೆಕ್ ಥಟ್ಟನೆ ಎದ್ದ. ಇಬ್ಬರೂ ಬಟ್ಟೆ ಬೀಸಿ ಬೀಸಿ ನೂರಾರು ವರ್ಷದ ದೂಳನ್ನು ಎಬ್ಬಿಸಿದರು, ಬೆಳಕು ಕಾಣಲಿ ಅಂತ. ಟಿಂಡಾಲ್ ಎಫೆಕ್ಟ್ ಅಂತ ನಾವು ಪರೀಕ್ಷೆಗೆ ಎರಡು ಮಾರ್ಕಿಗೆ ಬರೆದದ್ದು ಇದನ್ನೇ. ಸೋನ್ಯಾ 1947ರಲ್ಲಿ ಅಮೆರಿಕಕ್ಕೆ ಹೋಗಿ ತಾನೂ ಫೋಟೋಗ್ರಾಫರ್ ಆದಳು. ಅಲ್ಲಿಂದ ಗ್ರಾಮಫೋನ್ ರೆಕಾರ್ಡುಗಳನ್ನು ಕಳಿಸ್ತಿದ್ದಳು, ಅವನು ಪ್ರಿಂಟುಗಳನ್ನು ಕಳಿಸ್ತಿದ್ದ. ಮಂಗಳವಾರ ಸಂಜೆ ಷೆಡ್ಡಿನಲ್ಲಿ ಗೆಳೆಯರು ಸೇರಿ ಆ ರೆಕಾರ್ಡುಗಳನ್ನು ಕೇಳ್ತಿದ್ದರು. ಯಾನಾಚೆಕ್ ಅವನಿಗೆ ಬಲು ಪ್ರಿಯ. ಆ ಸಂಗೀತಗಾರ ಹುಟ್ಟಿದ ಹುಕ್ವಾಲ್ಡಿ ಹಳ್ಳಿಯ ಚಿತ್ರಗಳದ್ದೇ ಒಂದು ಪುಸ್ತಕ 1971ರಲ್ಲಿ ಬಂತು.

1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ಪತ್ರಿಕೆಗಳಿಗೆ ಬೇಕಿದ್ದದ್ದು ನಗುವ ಕಾರ್ಮಿಕ, ಹೊಗೆ ಉಗುಳುವ ಕಾರ್ಖಾನೆ, ಟ್ರಾಕ್ಟರ್. ಲೋಟ ಮೊಟ್ಟೆ ಯಾರಿಗೆ ಬೇಕು? ಸುಡೆಕ್ ಯಾರ ಜೊತೆಯೂ ವಾದಕ್ಕೆ ಇಳಿಯಲಿಲ್ಲ, ವಿಷಯವನ್ನೂ ಬದಲಿಸಲಿಲ್ಲ. ಹಳೇ ಕೊಡಕ್ ಪನೋರಮಾ ಕ್ಯಾಮೆರಾ ಒಂದು ಸಿಕ್ಕಿತ್ತು. ಅದರ ಲೆನ್ಸ್ ಸ್ಪ್ರಿಂಗಿನಿಂದ ಎಡದಿಂದ ಬಲಕ್ಕೆ ತಿರುಗುತ್ತೆ, ಫಿಲ್ಮ್ ಒಳಗೆ ಬಾಗಿ ಕೂತಿರುತ್ತೆ, ನೆಗೆಟಿವ್ ಸುಮಾರು 10×30 ಸೆಂಟಿಮೀಟರ್. ಅದನ್ನು ಹೊತ್ತು ಮತ್ತೆ ಬೀದಿಗೆ ಬಂದ. ನದಿ, ಸೇತುವೆ, ಉದ್ಯಾನ ತೆಗೆದ. ಜೊತೆಗೆ ಊರು ಮುಗಿದು ಹೊಲ ಶುರುವಾಗುವ ಅಂಚು, ಒಣ ಹಾಕಿದ ಬಟ್ಟೆ, ಬರಿದಾದ ಬೀದಿಯನ್ನೂ ತೆಗೆದ. 1959ರಲ್ಲಿ ಇದರ 284 ಚಿತ್ರಗಳ ಪುಸ್ತಕ ಬಂತು, ಹೆಸರು ಪ್ರಾಹಾ ಪನೋರಮಾಟಿಟ್ಸ್‌ಕಾ. ಇವತ್ತು ಫೋನಲ್ಲಿ ಪನೋರಮಾ ಮೋಡ್ ಹಾಕಿ ಕೈ ತಿರುಗಿಸುವವರು ಆ ಪುಸ್ತಕದ ಒಂದು ಪುಟ ನೋಡ್ಬೇಕು. ಅಡ್ಡಕ್ಕೆ ಅಷ್ಟುದ್ದದ ಚೌಕಟ್ಟಿನಲ್ಲಿ ಒಂದೇ ಒಂದು ಮೂಲೆಯೂ ಸುಮ್ಮನೆ ಕೂತಿಲ್ಲ.

ಅದೇ ಕ್ಯಾಮೆರಾದೊಂದಿಗೆ 1957ರಿಂದ ಉತ್ತರ ಬೊಹೀಮಿಯಾದ ಮೋಸ್ಟ್ ಪ್ರದೇಶಕ್ಕೂ ಹೋದ. ಲಿಗ್ನೈಟ್ ಕಲ್ಲಿದ್ದಲಿಗಾಗಿ ತೆರೆದ ಗಣಿಗಳು ಹೊಲ, ಹಳ್ಳಿಗಳನ್ನೇ ನುಂಗುತ್ತಿದ್ದ ಜಾಗ. ಸತ್ತ ಮರ, ಕೊರೆದ ನೆಲ, ದೂರದಲ್ಲಿ ಚಿಮಣಿಗಳು. ಸ್ಮುಟ್ನಾ ಕ್ರಾಯಿನಾ, ಅಂದರೆ ದುಃಖದ ನೆಲ, ಅಂತ ಅದಕ್ಕೆ ಹೆಸರು. ಸರ್ಕಾರ ಹೆಮ್ಮೆಯಿಂದ ಎದೆತಟ್ಟಿಕೊಳ್ಳುತ್ತಿದ್ದ ಕೈಗಾರಿಕೆಯ ಇನ್ನೊಂದು ಮುಖ ಅದು. ಅವನು ಬದುಕಿರುವಾಗ ಆ ಚಿತ್ರಗಳು ಪುಸ್ತಕವಾಗಲಿಲ್ಲ. ಕಿಟಕಿಯಲ್ಲಿ ಕೂತ ಕನಸುಗಾರ ಅಂತ ಅವನನ್ನು ಬದಿಗಿಡುವವರಿಗೆ ನಾವು ತೋರಿಸೋದು ಈ ಸರಣಿಯನ್ನೇ. ಮೈನಿಂಗ್, ಎನ್ವಿರಾನ್ಮೆಂಟಲ್ ಓದುವವರು ಒಮ್ಮೆ ನೋಡಿ.

ಮನ್ನಣೆ ಸಿಕ್ಕಿತು, ತಡವಾಗಿ. 1956ರಲ್ಲಿ ಅರವತ್ತು ತುಂಬಿದಾಗ ಅವನ ಚಿತ್ರಗಳ ಮೊದಲ ದೊಡ್ಡ ಪುಸ್ತಕ. 1961ರಲ್ಲಿ ಸರ್ಕಾರದ ಕಲಾವಿದ ಪ್ರಶಸ್ತಿ. ಒಬ್ಬ ಫೋಟೋಗ್ರಾಫರ್‌ಗೆ ಅದು ಸಿಕ್ಕಿದ್ದು ಅದೇ ಮೊದಲು. 1974ರಲ್ಲಿ ಅಮೆರಿಕದ ರಾಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಹೌಸಿನಲ್ಲಿ ಪ್ರದರ್ಶನ. ಇವನು ಹೋಗಲಿಲ್ಲ. ಅಷ್ಟೊತ್ತಿಗೆ ಕೋಟೆ ಹತ್ತಿರದ ಊವೊಜ್ ಬೀದಿಗೆ ಮನೆ ಬದಲಿಸಿದ್ದ. ಷೆಡ್ಡಿನಲ್ಲಿ ತಂಗಿ ಉಳಿದಿದ್ದಳು, ಡಾರ್ಕ್‌ರೂಮ್ ಕೆಲಸಕ್ಕೆ ಅವನು ಅಲ್ಲಿಗೇ ಬರ್ತಿದ್ದ. 1976ರ ಸೆಪ್ಟೆಂಬರ್ 15ರಂದು, ಎಂಬತ್ತನೇ ವಯಸ್ಸಿನಲ್ಲಿ, ತೀರಿಕೊಂಡ.

ಆಮೇಲೆ ಉಳಿದದ್ದು ಸಾವಿರಾರು ಪ್ರಿಂಟು, ನೆಗೆಟಿವ್‌ಗಳ ರಾಶಿ. ಅದನ್ನು ಒಂದೊಂದಾಗಿ ವಿಂಗಡಿಸಿ ಪಟ್ಟಿ ಮಾಡಿದವರು ಅನ್ನಾ ಫಾರೋವಾ ಎಂಬ ಕಲಾ ಇತಿಹಾಸಕಾರ್ತಿ. 1977ರಲ್ಲಿ ಸರ್ಕಾರದ ವಿರುದ್ಧದ ಚಾರ್ಟರ್ 77 ಮನವಿಗೆ ಸಹಿ ಹಾಕಿದ್ದಕ್ಕೆ ಅವರು ಕೆಲಸ ಕಳೆದುಕೊಂಡರು, ಆದರೂ ಸುಡೆಕ್ ಕೆಲಸ ಬಿಡಲಿಲ್ಲ. ಬೊಜೆನಾ ಅಣ್ಣನ ಚಿತ್ರಗಳ ದೊಡ್ಡ ಭಾಗವನ್ನು ಪ್ರಾಗ್‌ನ ಅಲಂಕಾರಿಕ ಕಲೆಗಳ ಮ್ಯೂಸಿಯಮ್ಮಿಗೆ ಕೊಟ್ಟಳು. ಅವಳು ಬದುಕಿದ್ದು 1990ರವರೆಗೆ, 93 ವರ್ಷ. ಅದಕ್ಕೂ ಮುಂಚೆಯೇ, 1980ರ ದಶಕದಲ್ಲಿ, ಷೆಡ್ಡಿಗೆ ಬೆಂಕಿ ಬಿತ್ತು.

2000ನೇ ಇಸವಿಯಲ್ಲಿ ಅದೇ ಅಂಗಳದಲ್ಲಿ, ಅದೇ ಅಳತೆಗೆ, ಷೆಡ್ಡನ್ನು ಮತ್ತೆ ಕಟ್ಟಿದರು. ಈಗ ಅದು ಫೋಟೋ ಪ್ರದರ್ಶನದ ಪುಟ್ಟ ಗ್ಯಾಲರಿ. ಬೀದಿಯಿಂದ ನೋಡಿದರೆ ಕಾಣೋದಿಲ್ಲ. ಮುಂದಿನ ಮನೆಯ ಬಾಗಿಲು ದಾಟಿ ಹಿಂದಕ್ಕೆ ಹೋಗಬೇಕು.